ಚಿತ್ರಕ್ಕೆ ಬೆಲೆ ಹೇಳಲು ನಾಚಿಕೆ ಯಾಕೆ?

ಊರಿನಲ್ಲಿ ಒಂದು ಮದುವೆ ನಿಶ್ಚಯವಾಯಿತು ಅಂದರೆ ಹಾಲ್, ಅಡುಗೆಯವರು, ಮೈಲಾಂಜಿ ಹಾಕುವವರು, ಇಷ್ಟು ಮೊದಲು ನಿಕ್ಕಿಯಾಗಬೇಕು. ಈಗ ಆ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಮದುಮಕ್ಕಳ ಹೆಸರು ಬರೆದ ನಿಕಾಹ್‌ನಾಮದ ಫ್ರೇಮ್ ಯಾರ ಹತ್ತಿರ ಮಾಡಿಸುವುದು? ಹೊಸ ಮನೆಗೆ ಹೋಗುವವರಿಗೆ ಆಯತುಲ್ ಕುರ್ಸಿಯ ಕ್ಯಾನ್ವಾಸ್ ಬೇಕು. ಪೆರ್ನಾಲ್‌ಗೆ ಉಡುಗೊರೆ ಕೊಡುವವರಿಗೆ ರೆಸಿನ್‌ನಲ್ಲಿ ಮಾಡಿದ ಗಡಿಯಾರ ಬೇಕು. ಇದಕ್ಕೆಲ್ಲ ಯಾರೂ ಗ್ಯಾಲರಿಗೆ ಹೋಗುವುದಿಲ್ಲ. ಮೊಬೈಲ್ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕುತ್ತಾರೆ, ಇಷ್ಟವಾದರೆ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಾರೆ: “ಇದಕ್ಕೆ ಎಷ್ಟಾಗ್ತದೆ?”

ಮೊಬೈಲಿನ ಆಚೆ ಬದಿಯಲ್ಲಿ ಇರುವವರಲ್ಲಿ ನಮ್ಮವರೂ ಇದ್ದಾರೆ. ಕರಾವಳಿಯಿಂದ ಮದುವೆಯಾಗಿ, ಓದಲು ಅಥವಾ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟ್‌ನಲ್ಲೋ ಗುರಪ್ಪನಪಾಳ್ಯದಲ್ಲೋ ತಿಲಕ್‌ನಗರದಲ್ಲೋ ಜೆಪಿ ನಗರದ ಪಕ್ಕದ ಇಲಿಯಾಸ್ ನಗರದಲ್ಲೋ ಬಾಡಿಗೆ ಮನೆ ಹಿಡಿದವರು. ಮಕ್ಕಳು ಶಾಲೆಗೆ ಹೋದ ಮೇಲೆ ಊಟದ ಮೇಜನ್ನೇ ಸ್ಟುಡಿಯೊ ಮಾಡಿಕೊಳ್ಳುವವರು. ಕಂಪೆನಿ ಕೆಲಸ ಮುಗಿಸಿ ರಾತ್ರಿ ಕುಂಚ ಹಿಡಿಯುವ ಹುಡುಗರು. ಇಂಥವರ ಕೈಯಲ್ಲಿ ಕಲೆ ಉಂಟು, ಗಿರಾಕಿಯೂ ಉಂಟು. ಆದರೆ “ಎಷ್ಟಾಗ್ತದೆ?” ಎನ್ನುವ ಪ್ರಶ್ನೆ ಬಂದ ತಕ್ಷಣ ಕೈ ನಡುಗುತ್ತದೆ. ನಾಲ್ಕು ಸಾವಿರ ಅಂತ ಟೈಪ್ ಮಾಡಿ, ಅಳಿಸಿ, ಮೂರು ಸಾವಿರ ಅಂತ ಕಳಿಸುತ್ತಾರೆ. ಕೇಳಿದವರು ಸಂಬಂಧಿಕರಾದರೆ ಎರಡೂವರೆ.

‘ಬ್ಯಾರಿ’ ಎಂಬ ಹೆಸರು ಬಂದದ್ದೇ ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೀನು, ಅಡಿಕೆ, ಬಟ್ಟೆ, ಮರದ ವ್ಯಾಪಾರದಲ್ಲಿ ಲೆಕ್ಕ ತಪ್ಪದ ಸಮುದಾಯದ ಮಕ್ಕಳು ತಮ್ಮದೇ ಚಿತ್ರ ಮಾರುವಾಗ ಮಾತ್ರ ಲೆಕ್ಕ ಮರೆಯುವುದು ಯಾಕೆ?

ಮಧ್ಯವರ್ತಿ ಹೋದ, ಅವನ ಕೆಲಸ ಹೋಗಲಿಲ್ಲ

ಕಲಾವಿದರೇ ನೇರವಾಗಿ ಮಾರುವುದು ಹೊಸ ಯೋಚನೆ ಅಲ್ಲ. 1966ರಲ್ಲಿ ಮದ್ರಾಸಿನ ಹತ್ತಿರ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಶುರುವಾಯಿತು. ಬಾತಿಕ್‌ನಂಥ ಕರಕುಶಲ ವಸ್ತುಗಳನ್ನು ತಾವೇ ಮಾಡಿ, ಮಾರಿ, ಆ ಹಣದಲ್ಲಿ ಕಲಾವಿದರು ತಮ್ಮ ಜಾಗ ಕಟ್ಟಿಕೊಂಡರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಎಸ್.ಜಿ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಹೊಟ್ಟೆಪಾಡಿನ ಕೆಲಸ ಬೇರೆ, ಕಲೆ ಬೇರೆ ಅಂತ ಅವರು ಮುಖ ತಿರುಗಿಸಲಿಲ್ಲ. ಒಂದರಿಂದ ಇನ್ನೊಂದನ್ನು ಸಾಕಿದರು.

ಬೆಂಗಳೂರಿನವರಿಗೆ ಹೆಚ್ಚು ಪರಿಚಯ ಇರುವುದು ಚಿತ್ರಸಂತೆ. 1960ರಲ್ಲಿ ಎಂ.ಎಸ್. ನಂಜುಂಡರಾವ್ ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಇದನ್ನು ನಡೆಸಿಕೊಂಡು ಬಂದಿದೆ. ವರ್ಷಕ್ಕೆ ಒಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ, ಕುಮಾರಕೃಪಾ ರಸ್ತೆಯೇ ಗ್ಯಾಲರಿ. ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತ್‌ನಲ್ಲಿ ಚಿತ್ರ ಇಟ್ಟು ಕೂರುತ್ತಾರೆ. ನೂರು ರೂಪಾಯಿಯ ಸಣ್ಣ ಚಿತ್ರದಿಂದ ಲಕ್ಷದ ಕ್ಯಾನ್ವಾಸ್‌ವರೆಗೂ ಸಿಗುತ್ತದೆ. ‘ಮನೆಗೊಂದು ಕಲಾಕೃತಿ’ ಅದರ ಆಶಯ. ಕೊಳ್ಳುವವನು ಬರೆದವನ ಮುಖ ನೋಡಿ, ಕಥೆ ಕೇಳಿ, ಚೌಕಾಸಿ ಮಾಡಿ ಕೊಳ್ಳುತ್ತಾನೆ. ಕೋವಿಡ್ ಕಾಲದಲ್ಲಿ, 2021ರ ಜನವರಿಯ ಸಂತೆ ರಸ್ತೆ ಬಿಟ್ಟು ಆನ್‌ಲೈನ್‌ನಲ್ಲಿ ನಡೆಯಿತು. ಸಂತೆಯೇ ಮೊಬೈಲ್ ಒಳಗೆ ಬರಬಹುದು ಅಂತ ಅನೇಕರಿಗೆ ಆಗ ಮನವರಿಕೆಯಾಯಿತು.

ಹೀಗೆ ನೇರ ಮಾರಾಟಕ್ಕೆ ದಾರಿ ಸಲೀಸಾಗಿದೆ. 2016ರಲ್ಲಿ ಬಂದ ಯುಪಿಐನಿಂದಾಗಿ ಕ್ಯೂಆರ್ ಕೋಡ್ ಇದ್ದವರೆಲ್ಲ ಅಂಗಡಿಯವರೇ. ಗ್ಯಾಲರಿಗಳು ಸಾಮಾನ್ಯವಾಗಿ ಮಾರಾಟದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಷನ್ ತೆಗೆದುಕೊಳ್ಳುತ್ತವೆ. ಅದು ಉಳಿಯಿತು ಅಂತ ಖುಷಿಪಡುವವರು ಒಂದು ವಿಷಯ ಗಮನಿಸಬೇಕು. ಗ್ಯಾಲರಿಯವರು ಆ ಹಣಕ್ಕೆ ಕೆಲಸವನ್ನೂ ಮಾಡುತ್ತಿದ್ದರು. ಫೋಟೊ ತೆಗೆಸುವುದು, ಗಿರಾಕಿ ಹುಡುಕುವುದು, ಬೆಲೆ ಹೇಳುವುದು, ಬಿಲ್ ಬರೆಯುವುದು, ಪ್ಯಾಕ್ ಮಾಡುವುದು, ಒಡೆದರೆ ಉತ್ತರ ಕೊಡುವುದು. ಈಗ ಈ ಎಲ್ಲ ಕೆಲಸ ಕಲಾವಿದೆಯದೇ. ಮಧ್ಯವರ್ತಿಯ ಕಮಿಷನ್ ಹೋಯಿತು ಅಂತ ಬೆಲೆ ಇಳಿಸಿದರೆ ಆ ಕೆಲಸಗಳನ್ನು ಪುಕ್ಕಟೆ ಮಾಡಿದ ಹಾಗೆ.

ಒಂದು ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ 18 ಇಂಚು ಅಗಲ, 24 ಇಂಚು ಎತ್ತರದ ಒಂದು ಕ್ಯಾಲಿಗ್ರಫಿ ಕ್ಯಾನ್ವಾಸ್ ತೆಗೆದುಕೊಳ್ಳಿ. ಕ್ಯಾನ್ವಾಸ್‌ಗೆ 450 ರೂಪಾಯಿ, ಬಣ್ಣ ಮತ್ತು ಬಂಗಾರದ ಬಣ್ಣದ ಹಾಳೆಗೆ 350, ಫ್ರೇಮ್‌ಗೆ 1,100, ಪ್ಯಾಕಿಂಗ್‌ಗೆ 250, ಕೊರಿಯರ್‌ಗೆ 300 ಅಂತ ಇಟ್ಟುಕೊಳ್ಳೋಣ. ಒಟ್ಟು 2,450. ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮ ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ.

ಈಗ ಸಮಯ. ಪೆನ್ಸಿಲ್‌ನಲ್ಲಿ ಅಕ್ಷರ ಕೂರಿಸಲು 3 ಗಂಟೆ, ಬಣ್ಣಕ್ಕೆ 9 ಗಂಟೆ, ಫ್ರೇಮ್ ಅಂಗಡಿಗೆ ಹೋಗಿ ಬರಲು 2, ಗಿರಾಕಿಯ ಜೊತೆ ಮಾತು ಮತ್ತು ಫೋಟೊಗೆ 2, ಪ್ಯಾಕಿಂಗ್‌ಗೆ 1. ಒಟ್ಟು 17 ಗಂಟೆ. ಈ ಚಿತ್ರವನ್ನು 4,000ಕ್ಕೆ ಕೊಟ್ಟರೆ ಖರ್ಚು ಕಳೆದು ಉಳಿಯುವುದು 1,550. ಗಂಟೆಗೆ ಸುಮಾರು 91 ರೂಪಾಯಿ. ಸಂಬಂಧಿಕರಿಗೆ ಅಂತ 2,500ಕ್ಕೆ ಕೊಟ್ಟರೆ 17 ಗಂಟೆ ದುಡಿದದ್ದು 50 ರೂಪಾಯಿಗೆ. ಗಂಟೆಗೆ 200 ರೂಪಾಯಿ ಕೂಲಿ ಹಿಡಿದರೂ ಬೆಲೆ 5,850 ಆಗಬೇಕು. ಇದರಲ್ಲಿ ಕಲಿಯಲು ಹೋದ ವರ್ಷಗಳಿಲ್ಲ, ಹಾಳಾದ ಕ್ಯಾನ್ವಾಸ್ ಇಲ್ಲ, ಮನೆಯ ಕರೆಂಟು ಬಿಲ್ ಇಲ್ಲ.

ನಮ್ಮಲ್ಲಿ ಹೆಂಗಸರು ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಕೂಲಿ ಹಿಡಿಯುವ ಅಭ್ಯಾಸ ಕಡಿಮೆ. ಒಂದು ಕಾಲದಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರಿಗೆ ಸಾವಿರಕ್ಕೆ ಇಷ್ಟು ಅಂತ ಲೆಕ್ಕವಾದರೂ ಇತ್ತು. ಚಿತ್ರ ಬರೆಯುವ ಮಗಳಿಗೆ ಅದೂ ಇಲ್ಲ. “ಹೇಗೂ ಮನೆಯಲ್ಲೇ ಇದ್ದಿ ಅಲ್ವಾ, ಟೈಮ್‌ಪಾಸ್ ಆಗ್ತದೆ” ಅನ್ನುತ್ತಾರೆ. ಟೈಮ್‌ಪಾಸ್ ಅಂದುಕೊಂಡವರೇ ಒಂದು ವಾರ ತಡವಾದರೆ ದಿನಕ್ಕೆ ನಾಲ್ಕು ಸಲ ಮೆಸೇಜ್ ಹಾಕುತ್ತಾರೆ.

ಇದಕ್ಕೆ ಮದ್ದು ಜಗಳ ಅಲ್ಲ, ದರಪಟ್ಟಿ. ಅಳತೆಗೆ ಇಷ್ಟು, ಫ್ರೇಮ್‌ಗೆ ಬೇರೆ ಇಷ್ಟು, ಕೊರಿಯರ್ ಬೇರೆ, ಅರ್ಧ ಮುಂಗಡ. ಇಷ್ಟನ್ನು ಒಂದು ಚಿತ್ರವಾಗಿ ಮಾಡಿ ಕೇಳಿದವರಿಗೆಲ್ಲ ಒಂದೇ ತರ ಕಳಿಸಿ. ಸಂಬಂಧಿಕರಿಗೆ ರಿಯಾಯಿತಿ ಕೊಡಬೇಕು ಅನಿಸಿದರೆ ಪೂರ್ತಿ ಬೆಲೆ ಬರೆದು, ಅದರ ಕೆಳಗೆ ರಿಯಾಯಿತಿ ಬರೆದು, ಕೊನೆಗೆ ಮೊತ್ತ ಬರೆಯಿರಿ. ಕೊಟ್ಟದ್ದು ಎಷ್ಟು ಅಂತ ಅವರಿಗೂ ಗೊತ್ತಾಗಲಿ. ಪೂರ್ತಿ ಉಡುಗೊರೆಯಾಗಿ ಕೊಡುವುದಾದರೆ ಸಂತೋಷದಿಂದ ಕೊಡಿ. ಒಳಗೊಳಗೆ ಕೊರಗಿ ಅರ್ಧ ಬೆಲೆಗೆ ಕೊಟ್ಟರೆ ಅದು ವ್ಯಾಪಾರವೂ ಅಲ್ಲ, ಉಡುಗೊರೆಯೂ ಅಲ್ಲ.

ಬರೆದಿಡುವುದು ಅಪನಂಬಿಕೆ ಅಲ್ಲ

ಕುರ್‌ಆನ್‌ನ ಅತಿ ಉದ್ದದ ಆಯತ್ ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸೂರಃ ಅಲ್ ಬಕರಃದ 282ನೇ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿ ಇಡುವ ಬಗ್ಗೆ ಹೇಳುತ್ತದೆ. ಆದರೂ ನಮ್ಮಲ್ಲಿ “ನಮ್ಮ ನಮ್ಮೊಳಗೆ ಎಂತ ಬರೆಯೋದು” ಅನ್ನುವ ಮಾತು ಹೋಗಿಲ್ಲ. ಮುಂಗಡ ಕೊಟ್ಟು ಮಾಡಿಸುವ ಚಿತ್ರದಲ್ಲಿ ಜಗಳ ಬರುವುದು ಮಾತು ಬಾಯಲ್ಲೇ ಉಳಿದಾಗ. ಅಳತೆ ಎಷ್ಟು, ಬಣ್ಣ ಯಾವುದು, ಹೆಸರಿನ ಕಾಗುಣಿತ ಹೇಗೆ, ಯಾವ ದಿನ ಕೊಡಬೇಕು, ಎಷ್ಟು ಸಲ ಬದಲಾವಣೆ ಮಾಡಿಕೊಡಬೇಕು, ಮದುವೆ ಮುಂದೆ ಹೋದರೆ ಮುಂಗಡ ಏನಾಗುತ್ತದೆ. ಇಷ್ಟನ್ನು ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಬರೆದು, ಆಚೆಯಿಂದ ‘ಒಪ್ಪಿಗೆ’ ಅಂತ ಉತ್ತರ ಬಂದ ಮೇಲೆ ಕುಂಚ ಹಿಡಿಯಿರಿ.

ಆ ಸಂದೇಶದಲ್ಲಿ ಇನ್ನೂ ಒಂದು ಸಾಲು ಬೇಕು. ಹೆಚ್ಚಿನವರಿಗೆ ಇದು ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರ ಬರೆದವರೇ ಸಾಮಾನ್ಯವಾಗಿ ಅದರ ಹಕ್ಕಿನ ಮೊದಲ ಒಡೆಯರು. ಕ್ಯಾನ್ವಾಸ್ ಮಾರಿದರೂ ಅದನ್ನು ಪ್ರಿಂಟ್ ಹಾಕಿ ಮಾರುವ ಹಕ್ಕು ಕಲಾವಿದರದ್ದೇ. ಆದರೆ ಕಲಂ 17ರಲ್ಲಿ ಒಂದು ಅಪವಾದ ಉಂಟು. ಹಣ ಕೊಟ್ಟು, ಹೇಳಿ ಬರೆಸಿದ ಚಿತ್ರ ಅಥವಾ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಬರೆಸಿದವರೇ ಹಕ್ಕಿನ ಮೊದಲ ಒಡೆಯರಾಗುತ್ತಾರೆ. ನಮ್ಮ ಆನ್‌ಲೈನ್ ಕಲಾವಿದರಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಇಂಥ ಹೇಳಿ ಬರೆಸುವ ಕೆಲಸವೇ. ಹಾಗಾಗಿ “ಈ ವಿನ್ಯಾಸದ ಕಾಪಿರೈಟ್ ಕಲಾವಿದರಲ್ಲೇ ಉಳಿಯುತ್ತದೆ, ಗಿರಾಕಿಗೆ ಮನೆಯ ಬಳಕೆಗೆ ಮಾತ್ರ” ಅಂತ ಮೊದಲೇ ಬರೆದು ಒಪ್ಪಿಗೆ ಪಡೆಯುವುದು ಒಳ್ಳೆಯದು. ದೊಡ್ಡ ಮೊತ್ತದ ಕೆಲಸವಾದರೆ ಕಾಗದದಲ್ಲಿ ಸಹಿ ಮಾಡಿಸಿಕೊಳ್ಳಿ.

ಹಕ್ಕು ಬೇರೆಯವರಿಗೆ ಹೋದರೂ ಕಲಂ 57 ಕಲಾವಿದರಿಗೆ ಒಂದು ರಕ್ಷಣೆ ಕೊಡುತ್ತದೆ. ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು, ಹೆಸರಿಗೆ ಧಕ್ಕೆಯಾಗುವಂತೆ ಚಿತ್ರವನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು. ಕಲಂ 53ಎ ಪ್ರಕಾರ ಮೂಲ ಚಿತ್ರವೊಂದು 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಅದರಲ್ಲಿ ಪಾಲು ಕೇಳುವ ಅವಕಾಶ ಉಂಟು. ಪಾಲು ಶೇ. 10 ಮೀರುವಂತಿಲ್ಲ. ಅದು ಸಿಗಬೇಕಾದರೂ ಮೊದಲ ಒಡೆತನ ಕಲಾವಿದರದ್ದೇ ಆಗಿರಬೇಕು. ಆ ಒಂದು ಸಾಲಿಗೆ ಬೆಲೆ ಬರುವುದು ಇಲ್ಲಿಯೇ.

ಕಾಪಿರೈಟ್ ಎರಡು ಕಡೆಗೂ ಕೊಯ್ಯುವ ಕತ್ತಿ. ಪಿಂಟರೆಸ್ಟ್‌ನಲ್ಲಿ ಕಂಡ ತುರ್ಕಿಯದ್ದೋ ಮಲೇಷ್ಯಾದ್ದೋ ವಿನ್ಯಾಸವನ್ನು ಗಿರಾಕಿ ಕಳಿಸಿ “ಇದೇ ಬೇಕು” ಅನ್ನುತ್ತಾರೆ. ಹಾಗೇ ಇಳಿಸಿ ನಮ್ಮ ಸಹಿ ಹಾಕಿದರೆ ಅದು ಇನ್ನೊಬ್ಬರ ದುಡಿಮೆ. ಆಯತ್ ಯಾರ ಸ್ವತ್ತೂ ಅಲ್ಲ. ಅದನ್ನು ಜೋಡಿಸಿದ ರೀತಿ ಮಾತ್ರ ಬರೆದವರದ್ದು. ಅದೇ ಆಯತನ್ನು ನಿಮ್ಮದೇ ರೀತಿಯಲ್ಲಿ ಕೂರಿಸಿ ಕೊಡಿ.

ಅಕ್ಷರದ ಜವಾಬ್ದಾರಿ

ಕುರ್‌ಆನ್ ವಾಕ್ಯ ಬರೆದು ಮಾರುವವರ ಹೆಗಲ ಮೇಲೆ ಮತ್ತೊಂದು ಭಾರ ಉಂಟು. ಒಂದು ನುಕ್ತ ಬಿಟ್ಟುಹೋದರೆ, ಒಂದು ಅಕ್ಷರ ಆಚೀಚೆಯಾದರೆ ಅರ್ಥವೇ ಬದಲಾಗುತ್ತದೆ. ಚಂದ ಕಾಣಲಿ ಅಂತ ಅಕ್ಷರ ಎಳೆಯುವಾಗ, ಕಂಪ್ಯೂಟರ್‌ನಿಂದ ಅಕ್ಷರ ತೆಗೆದು ನಕಲು ಮಾಡುವಾಗ ಇಂಥ ತಪ್ಪು ಸುಲಭವಾಗಿ ನುಸುಳುತ್ತದೆ. ಪೆನ್ಸಿಲ್ ಹಂತದಲ್ಲೇ ಫೋಟೊ ತೆಗೆದು ಓದಲು ಬಲ್ಲ ಉಸ್ತಾದರಿಗೆ ತೋರಿಸಿ. ಬಣ್ಣ ಹಾಕಿದ ಮೇಲೆ ತಿದ್ದುವುದು ಕಷ್ಟ, ಗಿರಾಕಿಯ ಗೋಡೆಗೆ ಹೋದ ಮೇಲೆ ಇನ್ನೂ ಕಷ್ಟ.

ಕಲಿಯುವವರಿಗೆ ಬೆಂಗಳೂರಿನಲ್ಲೇ ದಾರಿ ಉಂಟು. ಕ್ಯಾಲಿಗ್ರಫಿ ಗುರು ಮುಖ್ತಾರ್ ಅಹ್ಮದ್ ಒಂದು ಕಾಲದಲ್ಲಿ ಉರ್ದು ಪತ್ರಿಕೆಯಲ್ಲಿ ಕಾತಿಬ್ ಆಗಿದ್ದವರು. ಪತ್ರಿಕೆಗಳಿಗೆ ಕಂಪ್ಯೂಟರ್ ಬಂದಾಗ ಕೈಬರಹದ ಕಾತಿಬರ ಕೆಲಸ ಹೋಯಿತು. ಅವರು ಲೇಖನಿ ಬಿಡಲಿಲ್ಲ. ಶಾಸ್ತ್ರೀಯ ಶೈಲಿಗಳನ್ನು ಮತ್ತೆ ಮೊದಲಿನಿಂದ ಕಲಿತು ಇಸ್ತಾಂಬುಲ್‌ನಿಂದ ಇಜಾಝತ್ ಪಡೆದರು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಇಂಡೋ-ಇಸ್ಲಾಮಿಕ್ ಆರ್ಟ್ ಆ್ಯಂಡ್ ಕಲ್ಚರ್‌ನಲ್ಲಿ ಹೊಸಬರಿಗೆ ಕಲಿಸಿದರು. ಯಂತ್ರ ಬಂದು ಹೊಟ್ಟೆಪಾಡು ಕಸಿದುಕೊಂಡಾಗ ಕೈಯ ಕೆಲಸವನ್ನು ಇನ್ನೂ ಆಳಕ್ಕೆ ಒಯ್ಯಬಹುದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಇವತ್ತು ಎಐ ಒಂದು ನಿಮಿಷದಲ್ಲಿ ಚಿತ್ರ ಮಾಡಿಕೊಡುತ್ತದೆ ಅಂತ ಹೆದರಿದವರು ಇದನ್ನು ನೆನಪಿಡಬೇಕು.

ಯೂಸುಫ್ ಅರಕ್ಕಲ್ ಅವರನ್ನೂ ನೆನೆಯಬೇಕು. ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದವರು. ಎಚ್‌ಎಎಲ್‌ನಲ್ಲಿ ದುಡಿದು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು, 2016ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದೇಶ ಗುರುತಿಸುವ ಕಲಾವಿದರಾಗಿದ್ದರು. ಸಂಬಳದ ಕೆಲಸ ಮತ್ತು ಕುಂಚ ಎರಡನ್ನೂ ಹಿಡಿದು ನಡೆಯುವುದು ಸೋಲು ಅಲ್ಲ ಅಂತ ಅವರ ಬದುಕು ಹೇಳುತ್ತದೆ.

ಬೆಂಗಳೂರಿನಲ್ಲಿ ಮಾಡಿದ್ದು, ಕರಾವಳಿಯ ಮಳೆಗೆ

ದಕ್ಷಿಣ ಬೆಂಗಳೂರಿನಲ್ಲಿ ಕೂತು ಈ ಕೆಲಸ ಮಾಡುವುದಕ್ಕೆ ಅನುಕೂಲಗಳು ಇವೆ. ಜಯನಗರ 4ನೇ ಬ್ಲಾಕ್ ಸುತ್ತ ಕ್ಯಾನ್ವಾಸ್, ಬಣ್ಣ ಸಿಗುತ್ತದೆ. ಸಣ್ಣ ಸಣ್ಣ ರಸ್ತೆಯಲ್ಲೂ ಫ್ರೇಮ್ ಹಾಕುವವರು ಇದ್ದಾರೆ. ಜಯನಗರ, ಬನಶಂಕರಿ, ಜೆಪಿ ನಗರಕ್ಕೆ ಹಸಿರು ಮಾರ್ಗದ ಮೆಟ್ರೊ ಇತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದು ಬಿಟಿಎಂ ಲೇಔಟ್ ಕೂಡ ಸೇರಿತು. ಅಪರಿಚಿತ ಗಿರಾಕಿಯನ್ನು ಮನೆಗೆ ಕರೆಯುವ ಬದಲು ನಿಲ್ದಾಣದ ಹತ್ತಿರ ಹಗಲು ಹೊತ್ತಿನಲ್ಲಿ ಚಿತ್ರ ಕೊಡಬಹುದು. ಒಂಟಿಯಾಗಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಇದು ಸುರಕ್ಷಿತ.

ಆದರೆ ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಇರುವುದು ಊರಿನಲ್ಲಿ. ಬೆಂಗಳೂರಿನ ಒಣ ಗಾಳಿಯಲ್ಲಿ ಚೆನ್ನಾಗಿದ್ದ ಚಿತ್ರ ಮಂಗಳೂರು, ಉಡುಪಿ, ಕಾಸರಗೋಡಿನ ಮಳೆಗಾಲದಲ್ಲಿ ಬೇರೆಯೇ ಆಗುತ್ತದೆ. ಎಂಡಿಎಫ್ ಹಲಗೆ ತೇವ ಹೀರಿ ಉಬ್ಬುತ್ತದೆ. ಕ್ಯಾನ್ವಾಸ್‌ನ ಹಿಂಬದಿ ಬೂಸಲು ಹಿಡಿಯುತ್ತದೆ. ಹಿಂಬದಿಗೂ ಒಂದು ಕೋಟ್ ಬಳಿಯುವುದು, ವಾರ್ನಿಷ್ ಸರಿಯಾಗಿ ಒಣಗಲು ಬಿಡುವುದು, ಗೋಡೆಗೆ ಪೂರ್ತಿ ಅಂಟದಂತೆ ಫ್ರೇಮ್‌ನ ಹಿಂದೆ ಸಣ್ಣ ಗುಬುಟು ಹಾಕುವುದು, ಇಷ್ಟು ಮಾಡಿದರೆ ಬಾಳಿಕೆ ಹೆಚ್ಚು. ರೆಸಿನ್ ಕೆಲಸ ಬಿಸಿಲು ಬೀಳುವ ಗೋಡೆಯಲ್ಲಿ ಹಳದಿಯಾಗುತ್ತದೆ ಅಂತ ಗಿರಾಕಿಗೆ ಮೊದಲೇ ಹೇಳಿ. ದೋಷ ಮುಚ್ಚಿಟ್ಟು ಮಾರುವುದು ನಮ್ಮ ದೀನ್‌ನಲ್ಲಿ ಸಲ್ಲ, ವ್ಯಾಪಾರಕ್ಕೂ ಒಳ್ಳೆಯದಲ್ಲ. ಅದೇ ರೆಸಿನ್ ಕಲಸುವಾಗ ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಮಕ್ಕಳನ್ನು ದೂರ ಇಡಿ. ಒಂದೇ ಕೋಣೆಯ ಮನೆಯಲ್ಲಿ ಅಡುಗೆಯೂ ರೆಸಿನ್ನೂ ಒಟ್ಟಿಗೆ ಬೇಡ.

ದೂರಕ್ಕೆ ಕಳಿಸುವಾಗ ಗಾಜು ಬೇಡ, ಅಕ್ರಿಲಿಕ್ ಹಾಳೆ ಹಾಕಿ. ಫ್ರೇಮ್ ಬೇಡ ಅನ್ನುವವರಿಗೆ ಕ್ಯಾನ್ವಾಸ್ ಸುತ್ತಿ ಗಟ್ಟಿ ಕೊಳವೆಯಲ್ಲಿ ಕಳಿಸಿದರೆ ಖರ್ಚೂ ಕಡಿಮೆ, ಒಡೆಯುವ ಭಯವೂ ಇಲ್ಲ. ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದು ಅಗ್ಗ, ಆದರೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ದಾಖಲೆ ಇರುವುದಿಲ್ಲ. ಬೆಲೆಬಾಳುವ ಚಿತ್ರಕ್ಕೆ ಸ್ಪೀಡ್ ಪೋಸ್ಟ್‌ನಂಥ ಟ್ರ್ಯಾಕಿಂಗ್ ಇರುವ ಸೇವೆಯೇ ವಾಸಿ. ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ತೆರೆಯುವಾಗ ವಿಡಿಯೊ ಮಾಡಲು ಗಿರಾಕಿಗೂ ಹೇಳಿ.

ಗಲ್ಫ್‌ನಲ್ಲಿರುವ ನಮ್ಮವರೂ ಕೇಳುತ್ತಾರೆ. ವ್ಯಾಪಾರವಾಗಿ ಹೊರದೇಶಕ್ಕೆ ಕಳಿಸಬೇಕಾದರೆ ಡಿಜಿಎಫ್‌ಟಿಯಿಂದ ಐಇಸಿ ನೋಂದಣಿ ಬೇಕು, ಶುಲ್ಕ 500 ರೂಪಾಯಿ. ಸಣ್ಣ ರಫ್ತುದಾರರಿಗೆ ನೆರವಾಗಲು ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ರಜೆಗೆ ಬಂದು ಹೋಗುವವರ ಸೂಟ್‌ಕೇಸ್‌ನಲ್ಲಿ ಒಂದು ಚಿತ್ರ ಹೋಗಬಹುದು, ವ್ಯಾಪಾರ ಹೋಗುವುದಿಲ್ಲ.

ತೆರಿಗೆಯ ಭಯ, ಮೋಸದ ಭಯ

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್ ನಡೆಸುವವರಲ್ಲಿ ದೊಡ್ಡ ಗಾಬರಿ ಎದ್ದಿತು. ನಮ್ಮ ಮನೆ ಕಲಾವಿದರೂ ಹೆದರಿದರು. ವಿಷಯ ಇಷ್ಟು. ಕರ್ನಾಟಕದಲ್ಲಿ ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಿಂಗಳಿಗೆ ಎಂಟು ಹತ್ತು ಚಿತ್ರ ಮಾರುವವರು ಆ ಗಡಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬೇರೆ ರಾಜ್ಯಕ್ಕೆ ಸರಕು ಮಾರಿದರೆ ಈ ರಿಯಾಯಿತಿ ಸಾಮಾನ್ಯವಾಗಿ ಇಲ್ಲ. ಮಂಜೇಶ್ವರ, ಕಾಸರಗೋಡಿಗೆ ಕಳಿಸಿದರೂ ಅದು ಬೇರೆ ರಾಜ್ಯವೇ. ಕೈಯಿಂದ ಬರೆದ ಚಿತ್ರಗಳು ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಇರುವುದರಿಂದ 20 ಲಕ್ಷದವರೆಗೆ ವಿನಾಯಿತಿ ಉಂಟು. ಅದಕ್ಕೆ ಪ್ಯಾನ್ ಮತ್ತು ಇ-ವೇ ಬಿಲ್ ಷರತ್ತು ಇದೆ. ಪ್ರಿಂಟ್ ಹಾಕಿಸಿದ ಪೋಸ್ಟರ್, ರೆಸಿನ್ ಗಡಿಯಾರಕ್ಕೆ ಅದೇ ನಿಯಮ ಅಂತ ತಿಳಿಯಬೇಡಿ, ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ. ಅಂದ ಹಾಗೆ, ಕೈಬರಹದ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಮಾರಾಟಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಮನೆ ಖರ್ಚಿಗೆ ಗಂಡ ಹಾಕಿದ ಹಣ, ತಮ್ಮ ಕಳಿಸಿದ ಹಣ, ಚಿತ್ರ ಮಾರಿದ ಹಣ ಎಲ್ಲ ಒಂದೇ ಖಾತೆಗೆ ಬಂದರೆ ನಾಳೆ ಲೆಕ್ಕ ಕೇಳಿದಾಗ ಬಿಡಿಸಿ ಹೇಳುವುದು ಕಷ್ಟ. ಅದಕ್ಕಿಂತ ಮುಖ್ಯ, ತಾನು ವರ್ಷಕ್ಕೆ ಎಷ್ಟು ದುಡಿದೆ ಅಂತ ಕಲಾವಿದೆಗೇ ಗೊತ್ತಾಗುತ್ತದೆ.

ಮೋಸಗಾರರೂ ಕಾದಿದ್ದಾರೆ. ಹಣ ಹಾಕಿದೆ ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ಕಾಣುವವರೆಗೆ ಚಿತ್ರ ಕಳಿಸಬೇಡಿ. ಸೈನ್ಯದ ಅಧಿಕಾರಿ ಅಂತ ಹೇಳಿಕೊಂಡು, ಚೌಕಾಸಿಯೇ ಮಾಡದೆ ಐದು ಚಿತ್ರಕ್ಕೆ ಆರ್ಡರ್ ಕೊಟ್ಟು, ‘ಹಣ ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ’ ಅಂದರೆ ಅಲ್ಲೇ ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಭಯ ಯಾರ ಮೋಸವೂ ಇಲ್ಲದೆ ಬರುತ್ತದೆ. ಐದು ವರ್ಷ ಕಟ್ಟಿದ ಇನ್‌ಸ್ಟಾಗ್ರಾಮ್ ಖಾತೆ ಒಂದು ಬೆಳಗ್ಗೆ ತೆರೆಯುವುದೇ ಇಲ್ಲ. ಅಂಗಡಿಯ ಶಟರ್‌ನ ಕೀಲಿ ಬೇರೆಯವರ ಕೈಯಲ್ಲಿ ಇದ್ದ ಹಾಗೆ ಇದು. ಅದಕ್ಕೆ ಹಳೆಯ ವ್ಯಾಪಾರಿಗಳ ಉಪಾಯವೇ ಸರಿ: ಒಂದು ಖಾತೆ ಪುಸ್ತಕ. ಕೊಂಡವರ ಹೆಸರು, ಫೋನ್, ಊರು, ಏನು ಕೊಂಡರು, ಎಷ್ಟಕ್ಕೆ ಅಂತ ಪುಸ್ತಕದಲ್ಲಿ ಬರೆದಿಡಿ. ಚಿತ್ರಗಳ ಒಳ್ಳೆಯ ಫೋಟೊಗಳನ್ನು ಬೇರೆ ಕಡೆ ಉಳಿಸಿಡಿ. ಆ್ಯಪ್ ಹೋದರೂ ಗಿರಾಕಿ ಹೋಗಬಾರದು.

ನಮ್ಮದೇ ಅಂಗಡಿಯಲ್ಲಿ ನಮ್ಮದೇ ಮಾತು

ಅರಬಿ ಕ್ಯಾಲಿಗ್ರಫಿ ಮಾಡುವವರು ಹೈದರಾಬಾದ್‌ನಲ್ಲೂ ಇದ್ದಾರೆ, ಕೋಝಿಕೋಡ್‌ನಲ್ಲೂ ಇದ್ದಾರೆ. ಆನ್‌ಲೈನ್‌ನಲ್ಲಿ ಎಲ್ಲರೂ ಪಕ್ಕದ ಅಂಗಡಿಯವರೇ. ಆದರೆ ಬ್ಯಾರಿ ಭಾಷೆಯ ಗಾದೆಯನ್ನು, ಮಂಗಳೂರಿನ ಹಂಚಿನ ಮನೆಯನ್ನು, ಹಳೆಯ ಬಂದರಿನ ಓಣಿಯನ್ನು, ಉಮ್ಮಂದಿರ ಅಲಿಕತ್ತನ್ನು ಚಿತ್ರ ಮಾಡಿ ಕೊಡಲು ನಮ್ಮ ಮಕ್ಕಳನ್ನು ಬಿಟ್ಟರೆ ಬೇರೆ ಯಾರು ಬರುತ್ತಾರೆ? ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಹುಟ್ಟಿತು. 2020ರಲ್ಲಿ ಬ್ಯಾರಿ ಭಾಷೆಗೆ ಒಂದು ಲಿಪಿಯನ್ನೂ ಹೊರತಂದಿತು. ಆ ಅಕ್ಷರಗಳು ಪುಸ್ತಕದಲ್ಲಿ ಮಾತ್ರ ಇದ್ದರೆ ಎಷ್ಟು ಜನ ನೋಡುತ್ತಾರೆ? ಒಂದು ಮನೆಯ ಗೋಡೆಯಲ್ಲಿ ಬಂದರೆ ಮಕ್ಕಳು ದಿನಾ ನೋಡುತ್ತಾರೆ. ಜನರಿಗೆ ಕನ್ನಡ ಲಿಪಿಯಲ್ಲೇ ಬ್ಯಾರಿ ಮಾತು ಬೇಕಾದರೆ ಅದನ್ನೂ ಬರೆಯಬಹುದು.

ಕೊಳ್ಳುವವರಿಗೂ ಎರಡು ಮಾತು. ಮದುವೆ ಹಾಲ್‌ನ ಒಂದು ರಾತ್ರಿಯ ಸ್ಟೇಜ್ ಅಲಂಕಾರಕ್ಕೆ ಸಾವಿರಾರು ರೂಪಾಯಿ ಕೊಡುವಾಗ ನಾವು ಚೌಕಾಸಿ ಮಾಡುವುದು ಕಡಿಮೆ. ಬೆಳಗ್ಗೆ ಆ ಹೂವು ಗುಡಿಸಿ ಹೋಗುತ್ತದೆ. ವರ್ಷಗಟ್ಟಲೆ ಗೋಡೆಯಲ್ಲಿ ಇರುವ ಚಿತ್ರಕ್ಕೆ ಮಾತ್ರ ‘ಸ್ವಲ್ಪ ಕಮ್ಮಿ ಮಾಡಿ’ ಅನ್ನುತ್ತೇವೆ. ಕೇಳಬಾರದು ಅಂತಲ್ಲ. ಹಣಕ್ಕೆ ಕಷ್ಟ ಇದ್ದರೆ ಸಣ್ಣ ಅಳತೆ ಕೇಳಿ, ಫ್ರೇಮ್ ಇಲ್ಲದೆ ಕೇಳಿ, ಎರಡು ಕಂತು ಕೇಳಿ. ಕೂಲಿಯನ್ನೇ ಕಡಿಮೆ ಮಾಡಲು ಕೇಳಬೇಡಿ. ಚಿತ್ರದ ಫೋಟೊ ಸ್ಟೇಟಸ್‌ಗೆ ಹಾಕುವಾಗ ಬರೆದವರ ಹೆಸರನ್ನೂ ಹಾಕಿ, ಅದಕ್ಕೆ ಕಾಸು ಖರ್ಚಿಲ್ಲ.

ಜಮಾಅತ್‌ಗಳು, ಬೆಂಗಳೂರಿನಲ್ಲಿರುವ ನಮ್ಮ ಸಂಘಟನೆಗಳು ಕೂಡ ಸ್ವಲ್ಪ ಯೋಚಿಸಬಹುದು. ಸಮಾರಂಭದಲ್ಲಿ ಅತಿಥಿಗೆ ಕೊಡುವ ಪ್ಲಾಸ್ಟಿಕ್ ಮೊಮೆಂಟೊ ಮನೆಗೆ ಹೋಗಿ ಶೋಕೇಸ್‌ನ ಮೂಲೆ ಸೇರುತ್ತದೆ. ಅದೇ ಹಣಕ್ಕೆ ನಮ್ಮ ಹುಡುಗಿಯೊಬ್ಬಳು ಬರೆದ ಸಣ್ಣ ಚಿತ್ರ ಕೊಡಬಹುದು, ಹಿಂಬದಿಯಲ್ಲಿ ಅವಳ ಹೆಸರು ಮತ್ತು ಫೋನ್ ನಂಬರ್ ಇರಲಿ. ವರ್ಷಕ್ಕೆ ಹತ್ತು ಸಮಾರಂಭವಾದರೆ ಹತ್ತು ಕಲಾವಿದರಿಗೆ ಕೆಲಸವಾಯಿತು. ಬಿಲ್ ಕೇಳಿ ತೆಗೆದುಕೊಳ್ಳಿ, ಬೆಲೆ ಎಷ್ಟು ಅಂತ ಅವಳೇ ಹೇಳಲಿ.